ಪರದೆಯೇ ಆಟದ ಮಾತು ಕೇಳಲಿ

1993ರಲ್ಲಿ ಬಂದ ಡೂಮ್ ಎಂಬ ಆಟ ಸೆಕೆಂಡಿಗೆ 35ಕ್ಕಿಂತ ಹೆಚ್ಚು ಚಿತ್ರಗಳನ್ನು ತೋರಿಸುತ್ತಿರಲಿಲ್ಲ. ಎಷ್ಟೇ ವೇಗದ ಪ್ರೊಸೆಸರ್ ಹಾಕಿದರೂ ಅಷ್ಟೇ, ಏಕೆಂದರೆ ಆಟದೊಳಗಿನ ಗಡಿಯಾರವೇ ಸೆಕೆಂಡಿಗೆ 35 ಸಲ ಮಿಡಿಯುವಂತೆ ಅದನ್ನು ಬರೆದಿದ್ದರು. ಇವತ್ತಿನ ಸಾಮಾನ್ಯ ಮಾನಿಟರ್ ಸೆಕೆಂಡಿಗೆ 60 ಸಲ ತನ್ನ ಚಿತ್ರವನ್ನು ಹೊಸದಾಗಿ ಬರೆಯುತ್ತದೆ. 60ನ್ನು 35ರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ, ಆ ಶೇಷವನ್ನು ಎಲ್ಲಾದರೂ ಹೊಂದಿಸಲೇಬೇಕು. ಹಾಗಾಗಿ ಡೂಮ್‌ನ ಪ್ರತಿ ಏಳು ಫ್ರೇಮುಗಳಲ್ಲಿ ಐದು ಎರಡೆರಡು ಸಲ, ಉಳಿದೆರಡು ಒಂದೊಂದೇ ಸಲ ಪರದೆಗೆ ಬರುತ್ತವೆ. ಒಂದು ಚಿತ್ರ 33 ಮಿಲಿಸೆಕೆಂಡ್ ನಿಂತರೆ ಇನ್ನೊಂದು 17 ಮಿಲಿಸೆಕೆಂಡಿಗೇ ಮಾಯ. ಆಟ ಮಾತ್ರ ಎಲ್ಲ ಚಿತ್ರಗಳಿಗೂ ಸಮನಾಗಿ 28.6 ಮಿಲಿಸೆಕೆಂಡ್ ಕೊಟ್ಟಿತ್ತು. ಆಟಗಾರ ಓಣಿಯಲ್ಲಿ ಬಲಕ್ಕೆ ತಿರುಗಿದಾಗ ಗೋಡೆ ಜಾರುವ ಬದಲು ತಡೆತಡೆದು ಸರಿಯುತ್ತದೆ. ಅದನ್ನು ಕಂಡವರು ಹಳೆಯ ಗೇಮು ಎಂದರೆ ಹೀಗೇ ಎಂದು ಸುಮ್ಮನಾಗುತ್ತಾರೆ. ಈ ತೀರ್ಮಾನ ತಪ್ಪು ಎಂಬುದು ನನ್ನ ವಾದ. ನಿಧಾನ ಆಟದ್ದು, ಮುಗ್ಗರಿಕೆ ಪರದೆಯದ್ದು. ಎರಡನ್ನೂ ಒಂದೇ ದೋಷವೆಂದು ಎಣಿಸಿ ಹಳೆಯ ಆಟಗಳ ತಲೆಗೆ ಕಟ್ಟುತ್ತ ಬಂದಿದ್ದೇವೆ. ರಿಫ್ರೆಶ್ ರೇಟ್ ಬದಲಿಸಬಲ್ಲ ಮಾನಿಟರುಗಳು, ಅಂದರೆ ವಿಆರ್‌ಆರ್ ಮಾನಿಟರುಗಳು, ಈ ಎರಡನ್ನು ಬೇರ್ಪಡಿಸುವ ಅವಕಾಶ ಕೊಟ್ಟಿವೆ. ಇವುಗಳನ್ನು ಮಾರುವುದು ಹೊಸ ಗೇಮುಗಳ ಹೆಸರು ಹೇಳಿ. ಆದರೆ ಇವುಗಳಿಂದ ನಿಜವಾದ ನ್ಯಾಯ ಸಿಗುವುದು ಹಳೆಯ, ಕಡಿಮೆ ಫ್ರೇಮ್ ರೇಟಿನ ಆಟಗಳಿಗೆ.

ಕಡಿಮೆ ಫ್ರೇಮ್ ರೇಟನ್ನು ಕಣ್ಣು ಸಹಿಸುವುದಿಲ್ಲ ಎಂಬ ನಂಬಿಕೆಯಿಂದಲೇ ಗೊಂದಲ ಶುರುವಾಗುತ್ತದೆ. ಸಿನಿಮಾ ಸೆಕೆಂಡಿಗೆ 24 ಚಿತ್ರಗಳಲ್ಲಿ ಸುಮಾರು ನೂರು ವರ್ಷದಿಂದ ನಡೆಯುತ್ತಿದೆ, ಅದನ್ನು ಯಾರೂ ಕೆಟ್ಟುಹೋದ ಚಲನೆ ಎನ್ನುವುದಿಲ್ಲ. ಕಣ್ಣಿಗೆ ಕಿರಿಕಿರಿಯಾಗುವುದು ಅಂತರಗಳು ಏರುಪೇರಾದಾಗ. ವಿಳಂಬ ಕಾಲದಲ್ಲಿ ಹಾಡಿದ ಕೀರ್ತನೆ ಕೇಳುಗನಿಗೆ ತೊಡಕೆನಿಸುವುದಿಲ್ಲ. ಅದೇ ಕೀರ್ತನೆಯಲ್ಲಿ ಒಂದು ಪೆಟ್ಟು ಬೇಗ, ಮುಂದಿನದು ತಡವಾಗಿ ಬಿದ್ದರೆ ಸಂಗೀತದ ಗಂಧವಿಲ್ಲದವರಿಗೂ ಏನೋ ತಪ್ಪಿದೆ ಎಂದು ಗೊತ್ತಾಗುತ್ತದೆ. ಚಲಿಸುವ ಚಿತ್ರದ ವಿಷಯದಲ್ಲೂ ಹಾಗೆಯೇ. ಚಲಿಸುವ ವಸ್ತುವನ್ನು ಹಿಂಬಾಲಿಸುವಾಗ ಕಣ್ಣು ಮುಂದಿನ ಕ್ಷಣ ಅದು ಎಲ್ಲಿರಬೇಕೆಂದು ಅಂದಾಜು ಮಾಡಿಕೊಂಡೇ ಸಾಗುತ್ತದೆ. ಸಮ ಅಂತರದ 35 ಚಿತ್ರಗಳಲ್ಲಿ ಆ ಅಂದಾಜು ನಿಜವಾಗುತ್ತದೆ. ಏರುಪೇರಿನ 60ರ ಲೆಕ್ಕದಲ್ಲಿ ಸೆಕೆಂಡಿಗೆ ಹತ್ತು ಸಲ ಸುಳ್ಳಾಗುತ್ತದೆ.

60 ಎಂಬ ಸಂಖ್ಯೆಗೆ ಹೊಂದದ ಆಟಗಳು ಇಷ್ಟೊಂದು ಏಕಿವೆ ಎಂದು ಕೇಳಿದರೆ ಉತ್ತರ ಆ ಕಾಲದ ಸರ್ಕ್ಯೂಟ್ ಬೋರ್ಡುಗಳಲ್ಲಿದೆ. 1980ರ ಪ್ಯಾಕ್-ಮ್ಯಾನ್ ಬೋರ್ಡಿನಲ್ಲಿ ಚಿತ್ರಬಿಂದುಗಳ ಗಡಿಯಾರ 6.144 ಮೆಗಾಹರ್ಟ್ಸ್. ಒಂದು ಸಾಲಿಗೆ 384 ಮಿಡಿತ, ಒಂದು ಚಿತ್ರಕ್ಕೆ 264 ಸಾಲು. ಭಾಗಿಸಿದರೆ ಸೆಕೆಂಡಿಗೆ 60.606 ಚಿತ್ರ. ಇರೆಮ್ ಕಂಪನಿಯ 1987ರ ಆರ್-ಟೈಪ್‌ನಲ್ಲಿ 8 ಮೆಗಾಹರ್ಟ್ಸ್ ಗಡಿಯಾರ, 512 ಮಿಡಿತ, 284 ಸಾಲು, ಆದ್ದರಿಂದ 55.02. 1992ರ ಮಾರ್ಟಲ್ ಕಾಂಬ್ಯಾಟ್ 54.7ರಲ್ಲಿ ಓಡಿತು. ನಿಂಟೆಂಡೋದ ಗೇಮ್ ಬಾಯ್ 59.73, ಅದೇ ಕಂಪನಿಯ ಮನೆಯ ಯಂತ್ರ ಎನ್‌ಇಎಸ್ ಅಮೆರಿಕ ಮತ್ತು ಜಪಾನಿನಲ್ಲಿ 60.1, ಯುರೋಪಿನಲ್ಲಿ 50. ಡಾಸ್ ಕಾಲದ ಪಿಸಿಗಳ 320×200 ವಿಜಿಎ ಪರದೆ 70.09. ಎಂಜಿನಿಯರುಗಳು ಅಗ್ಗದ ಬಿಡಿಭಾಗ, ಬೇಕಾದಷ್ಟು ಸಾಲು, ಚಿತ್ರ ಬರೆಯಲು ಸಾಕಷ್ಟು ಬಿಡುವು ಇವಿಷ್ಟನ್ನು ನೋಡಿಕೊಂಡು ಬೋರ್ಡು ಕಟ್ಟಿದರು. ಚಿತ್ರಗಳ ಸಂಖ್ಯೆ ಬಂದಷ್ಟು ಬಂತು. ಹಾಗೆ ಬರಲು ಸಾಧ್ಯವಾದದ್ದು ಆರ್ಕೇಡ್ ಪೆಟ್ಟಿಗೆಯೊಳಗಿನ ಸಿಆರ್‌ಟಿ ಪರದೆಗೆ ತನ್ನದೇ ಆದ ವೇಗವಿರಲಿಲ್ಲವಾದ್ದರಿಂದ. ಬೋರ್ಡು ಒಂದು ಚಿತ್ರ ಮುಗಿಯಿತೆಂದು ಸಂಕೇತ ಕೊಟ್ಟಾಗ ಎಲೆಕ್ಟ್ರಾನ್ ಕಿರಣ ಮೇಲಕ್ಕೆ ಮರಳುತ್ತಿತ್ತು. ಸಂಕೇತ ಸೆಕೆಂಡಿಗೆ 55 ಸಲ ಬಂದರೆ 55 ಸಲ, 60 ಸಲ ಬಂದರೆ 60 ಸಲ. ಬೋರ್ಡು ಯಜಮಾನ, ಪರದೆ ಆಳು. ಈ ಸಂಬಂಧ ನೆನಪಿದ್ದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಐದು ಹರ್ಟ್ಸ್ ಆಚೀಚೆ ಆದರೇನು ಎಂದು ಕೇಳಬಹುದು. ಆ ಕಾಲದ ಆಟಗಳಲ್ಲಿ ಸಮಯವನ್ನು ಅಳೆಯುವ ಮಾನವೇ ಪರದೆಯ ಒಂದು ಸುತ್ತು ಎಂಬುದನ್ನು ಮರೆತರೆ ಮಾತ್ರ ಈ ಪ್ರಶ್ನೆ ಬರುತ್ತದೆ. 1978ರ ಸ್ಪೇಸ್ ಇನ್ವೇಡರ್ಸ್‌ನಲ್ಲಿ ಐದು ಸಾಲುಗಳಲ್ಲಿ 55 ಅನ್ಯಗ್ರಹ ಜೀವಿಗಳಿವೆ. ತೊಮೊಹಿರೊ ನಿಶಿಕಾದೊ ರೂಪಿಸಿದ ಆ ಯಂತ್ರ ಪ್ರತಿ ಫ್ರೇಮಿಗೆ ಒಂದೇ ಒಂದು ಜೀವಿಯನ್ನು ಸರಿಸಬಲ್ಲದಾಗಿತ್ತು. ಎಲ್ಲವೂ ಬದುಕಿರುವಾಗ ಪಡೆ ಒಂದು ಹೆಜ್ಜೆ ಇಡಲು 55 ಫ್ರೇಮು ಬೇಕು, ಹತ್ತೇ ಉಳಿದಾಗ ಹತ್ತು ಸಾಕು, ಕೊನೆಯ ಒಂದು ಪ್ರತಿ ಫ್ರೇಮಿನಲ್ಲೂ ಓಡುತ್ತದೆ. ಶತ್ರುಗಳು ಕಡಿಮೆಯಾದಂತೆ ಆತಂಕ ಏರುವ ಆ ಪ್ರಸಿದ್ಧ ಅನುಭವ ಹುಟ್ಟಿದ್ದು ಪರದೆಯ ಲೆಕ್ಕದಿಂದ. ಇಂಥ ಆಟದಲ್ಲಿ ಪರದೆಯ ವೇಗ ಬದಲಾಯಿಸಿದರೆ ಆಟದ ಕಷ್ಟ, ಸಂಗೀತ, ಜಿಗಿತದ ಎತ್ತರ ಮುಟ್ಟಲು ಹಿಡಿಯುವ ಹೊತ್ತು ಎಲ್ಲವೂ ಬದಲಾಗುತ್ತವೆ. ಇದಕ್ಕೆ ಚರಿತ್ರೆಯಲ್ಲೇ ಪುರಾವೆಗಳಿವೆ. ಅಮೆರಿಕದ 60ಕ್ಕೆಂದು ಬರೆದ ಎಷ್ಟೋ ಆಟಗಳನ್ನು ಯುರೋಪಿನ 50 ಹರ್ಟ್ಸ್ ಟಿವಿಗಳಿಗೆ ತಿದ್ದದೆ ಕಳಿಸಿದರು. ಮೆಗಾ ಡ್ರೈವ್ ಎಂಬ ಮನೆಯ ಯಂತ್ರದ ಮೊದಲ ಸೋನಿಕ್ ಆಟ ಅಲ್ಲಿ ಸುಮಾರು ಶೇ. 17ರಷ್ಟು ನಿಧಾನವಾಗಿ ಓಡಿತು, ಅದರ ಸಂಗೀತವೂ ಕಾಲೆಳೆಯಿತು. ಭಾರತವೂ 50 ಹರ್ಟ್ಸ್ ಪಾಲ್ ಪದ್ಧತಿಯ ದೇಶವೇ ಆಗಿದ್ದರಿಂದ ನಮ್ಮ ಟಿವಿಗಳೂ ಅದೇ ಲೆಕ್ಕಕ್ಕೆ ಸೇರಿದ್ದವು. ಪಿಸಿಯಲ್ಲಿ ತೊಂದರೆ ತಿರುಗುಮುರುಗಾಗಿತ್ತು. 1990ರ ವಿಂಗ್ ಕಮಾಂಡರ್ ಕೆಲವೇ ವರ್ಷಗಳ ನಂತರದ ಯಂತ್ರಗಳಲ್ಲಿ ಆಡಲಾಗದಷ್ಟು ವೇಗವಾಗಿ ಓಡುತ್ತಿತ್ತು. ಕ್ಯಾಬಿನೆಟ್ ಮೇಲೆ ಟರ್ಬೋ ಎಂಬ ಗುಂಡಿ ಇಟ್ಟು ಪ್ರೊಸೆಸರನ್ನೇ ನಿಧಾನಗೊಳಿಸುವ ಉಪಾಯ ಆ ಕಾಲದ್ದು.

ಎಲ್‌ಸಿಡಿ ಬಂದಾಗ ಯಜಮಾನ ಬದಲಾದ. ಪರದೆ 60 ಹರ್ಟ್ಸ್‌ಗೆ ಬೀಗ ಹಾಕಿಕೊಂಡು ಕೂತಿತು, ಆಟವೇ ಅದಕ್ಕೆ ಹೊಂದಿಕೊಳ್ಳಬೇಕಾಯಿತು. ಹೊಂದಿಕೊಳ್ಳಲು ಮೂರು ದಾರಿಗಳಿದ್ದವು, ಮೂರೂ ಕೆಟ್ಟವು. ಮೊದಲನೆಯದು ಆಟವನ್ನೇ 60ಕ್ಕೆ ಓಡಿಸುವುದು. ಎನ್‌ಇಎಸ್ ಆಟಕ್ಕೆ ಇದು ನಡೆಯುತ್ತದೆ, 60.1 ಮತ್ತು 60ರ ನಡುವಿನ ಅಂತರ ಯಾರಿಗೂ ಕೇಳಿಸದು. ಆದರೆ ಆರ್-ಟೈಪನ್ನು 60ಕ್ಕೆ ಏರಿಸಿದರೆ ಅದು ಶೇ. 9ರಷ್ಟು ವೇಗವಾಗುತ್ತದೆ. ಮೊದಲೇ ಕಠಿಣವೆಂದು ಹೆಸರಾದ ಆಟ ಇನ್ನೂ ಕಠಿಣವಾಗುತ್ತದೆ. ಧ್ವನಿಯನ್ನೂ ಜೊತೆಗೆ ಎಳೆದರೆ ಸಂಗೀತದ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ. ಎರಡನೆಯ ದಾರಿ ಆಟದ ವೇಗ ಉಳಿಸಿಕೊಂಡು ಸೆಕೆಂಡಿಗೆ ಐದು ಚಿತ್ರಗಳನ್ನು ಎರಡೆರಡು ಸಲ ತೋರಿಸುವುದು. ಆರ್-ಟೈಪ್‌ನಲ್ಲಿ ಹಿನ್ನೆಲೆ ಬಲದಿಂದ ಎಡಕ್ಕೆ ನಿರಂತರ ಸರಿಯುತ್ತಿರುತ್ತದೆ, ಹಾಗಾಗಿ ಸೆಕೆಂಡಿಗೆ ಐದು ಮುಗ್ಗರಿಕೆಗಳು ಅಡಗಲು ಜಾಗವೇ ಇಲ್ಲ. ಮೂರನೆಯದು ಕಾಯದೆ, ಬಂದ ಚಿತ್ರವನ್ನು ಅರ್ಧದಲ್ಲೇ ತಳ್ಳುವುದು. ಆಗ ಪರದೆಯ ಮೇಲರ್ಧದಲ್ಲಿ ಹಳೆಯ ಚಿತ್ರ, ಕೆಳಗೆ ಹೊಸತು, ನಡುವೆ ಅಡ್ಡಲಾಗಿ ಹರಿದ ಗೆರೆ. ಎಮ್ಯುಲೇಟರ್, ಅಂದರೆ ಹಳೆಯ ಯಂತ್ರಗಳನ್ನು ಅನುಕರಿಸುವ ಪ್ರೋಗ್ರಾಮ್, ಬರೆಯುವವರು ವರ್ಷಗಟ್ಟಲೆ ಈ ಮೂರರಲ್ಲಿ ಯಾವುದು ಕಡಿಮೆ ಕೆಟ್ಟದ್ದು ಎಂದು ಹುಡುಕುವುದರಲ್ಲೇ ಕಳೆದರು. ಎಮ್ಯುಲೇಟರುಗಳನ್ನು ಓಡಿಸುವ ರೆಟ್ರೋಆರ್ಚ್ ಎಂಬ ಪ್ರೋಗ್ರಾಮ್ ಧ್ವನಿಯ ವೇಗವನ್ನು ಕಿವಿಗೆ ತಿಳಿಯದಷ್ಟು ಕ್ಷಣಕ್ಷಣಕ್ಕೂ ಹಿಗ್ಗಿಸಿ ಕುಗ್ಗಿಸುವ ವಿಧಾನ ಅಳವಡಿಸಿಕೊಂಡಿತು. ಅದು ಸೊಗಸಾದ ಪರಿಹಾರ, ಆದರೆ ಶೇ. ಅರ್ಧದಷ್ಟು ಅಂತರಕ್ಕೆ ಮಾತ್ರ. ಶೇ. 9ಕ್ಕೆ ಅದು ಸಾಲದು.

2013ರ ಅಕ್ಟೋಬರಿನಲ್ಲಿ ಎನ್ವಿಡಿಯಾ ಜಿ-ಸಿಂಕ್ ಎಂಬ ವಿಆರ್‌ಆರ್ ವ್ಯವಸ್ಥೆಯನ್ನು ಪ್ರಕಟಿಸಿತು. ಮರುವರ್ಷ ವೆಸಾ ಸಂಸ್ಥೆ ಅಡಾಪ್ಟಿವ್-ಸಿಂಕನ್ನು ಡಿಸ್‌ಪ್ಲೇಪೋರ್ಟ್ ಮಾನಕಕ್ಕೆ ಸೇರಿಸಿತು, ಅದರ ಮೇಲೆ ಎಎಂಡಿಯ ಫ್ರೀಸಿಂಕ್ ನಿಂತಿತು. 2017ರ ಎಚ್‌ಡಿಎಂಐ 2.1ರೊಂದಿಗೆ ವಿಆರ್‌ಆರ್ ಟಿವಿಗಳಿಗೂ ಬಂತು. ಹೆಸರು ಬೇರೆಯಾದರೂ ಒಳಗಿನ ಕೆಲಸ ಒಂದೇ. ಒಂದು ಚಿತ್ರದ ಕೊನೆಯ ಸಾಲಿಗೂ ಮುಂದಿನ ಚಿತ್ರದ ಮೊದಲ ಸಾಲಿಗೂ ನಡುವೆ ಒಂದು ಬಿಡುವು ಇದೆ. ಸಿಆರ್‌ಟಿಯಲ್ಲಿ ಕಿರಣ ಕೆಳಗಿನಿಂದ ಮೇಲಕ್ಕೆ ಮರಳಲು ಬೇಕಿದ್ದ ಬಿಡುವು ಅದು. ಹಳೆಯ ಆಟಗಳಲ್ಲಿ ಬಹಳಷ್ಟು ಮುಂದಿನ ಚಿತ್ರದ ಮಾಹಿತಿಯನ್ನು ಆ ಸಂದಿಯಲ್ಲೇ ವಿಡಿಯೋ ಮೆಮೊರಿಗೆ ತುಂಬುತ್ತಿದ್ದವು. ವಿಆರ್‌ಆರ್ ಮಾಡುವುದು ಆ ಬಿಡುವನ್ನು ಹಿಗ್ಗಿಸುವುದು. ಮುಂದಿನ ಚಿತ್ರ ಸಿದ್ಧವಾಗುವವರೆಗೆ ಮಾನಿಟರ್ ಕಾಯುತ್ತದೆ, ಸಿದ್ಧವಾದೊಡನೆ ಬರೆಯತೊಡಗುತ್ತದೆ. ಆರ್-ಟೈಪ್ ಪ್ರತಿ 18.2 ಮಿಲಿಸೆಕೆಂಡಿಗೊಮ್ಮೆ ಚಿತ್ರ ಕಳಿಸಿದರೆ ಮಾನಿಟರ್ ಪ್ರತಿ 18.2 ಮಿಲಿಸೆಕೆಂಡಿಗೊಮ್ಮೆ ಬರೆಯುತ್ತದೆ. ವೇಗ ಬದಲಾಗಲಿಲ್ಲ, ಚಿತ್ರ ಎರಡು ಸಲ ಬರಲಿಲ್ಲ, ಹರಿಯಲಿಲ್ಲ. ಬೋರ್ಡು ಮತ್ತೆ ಯಜಮಾನನಾಯಿತು. ಇದನ್ನು ಹೊಸ ಸೌಲಭ್ಯ ಎನ್ನುವುದಕ್ಕಿಂತ, ನಡುವೆ ಕಳೆದುಹೋಗಿದ್ದ ಹಳೆಯ ಪದ್ಧತಿ ಹೆಚ್ಚು ಬಲದೊಂದಿಗೆ ಮರಳಿದೆ ಎನ್ನುವುದು ಸರಿ. ಇನ್ನೊಂದು ಲಾಭವೂ ಉಂಟು. 144 ಹರ್ಟ್ಸ್ ಮಾನಿಟರ್ ಒಂದು ಚಿತ್ರವನ್ನು ಮೇಲಿನಿಂದ ಕೆಳಗೆ 6.9 ಮಿಲಿಸೆಕೆಂಡಿನಲ್ಲಿ ಬರೆದು ಮುಗಿಸುತ್ತದೆ, 60 ಹರ್ಟ್ಸ್ ಪರದೆಗೆ ಅದೇ ಕೆಲಸಕ್ಕೆ 16.7 ಬೇಕು. ಗುಂಡಿ ಒತ್ತಿದ್ದಕ್ಕೂ ಪರದೆಯ ಕೆಳಭಾಗದಲ್ಲಿ ಪರಿಣಾಮ ಕಾಣುವುದಕ್ಕೂ ನಡುವಿನ ತಡ ಅಷ್ಟರಮಟ್ಟಿಗೆ ಕಡಿಮೆ.

ಇಲ್ಲಿಯವರೆಗಿನ ಉದಾಹರಣೆ 55ರದ್ದು. ಡೂಮ್‌ನ 35ಕ್ಕೆ ಬಂದಾಗ ದಾರಿ ಕಿರಿದಾಗುತ್ತದೆ, ಕೊಳ್ಳುವವರು ಎಡವುವುದೂ ಇಲ್ಲೇ. ಮಾನಿಟರ್ ಎಷ್ಟು ಹೊತ್ತು ಬೇಕಾದರೂ ಕಾಯಲಾರದು. ಕಾಯುವಾಗ ಎಲ್‌ಸಿಡಿ ಕೋಶಗಳಲ್ಲಿನ ವಿದ್ಯುತ್ ಸೋರುತ್ತಾ ಹೋಗಿ ಬೆಳಕು ಬದಲಾಗುತ್ತದೆ. ಅದಕ್ಕಾಗಿ ಪ್ರತಿ ಮಾನಿಟರಿಗೂ ಕೆಳಮಿತಿ ಇದೆ, ಸಾಮಾನ್ಯವಾಗಿ 48 ಅಥವಾ 40 ಹರ್ಟ್ಸ್. ಪ್ಲೇಸ್ಟೇಷನ್ 5ರಲ್ಲೂ ಈ ವ್ಯಾಪ್ತಿ 48ರಿಂದ 120. ಸೆಕೆಂಡಿಗೆ 35 ಚಿತ್ರ ಈ ಮಿತಿಯ ಕೆಳಗೆ ಬೀಳುತ್ತದೆ. ಪರಿಹಾರವಾಗಿ ಎಎಂಡಿ 2015ರ ನವೆಂಬರಿನ ಡ್ರೈವರ್‌ನಲ್ಲಿ ಎಲ್‌ಎಫ್‌ಸಿ ಎಂಬ ವ್ಯವಸ್ಥೆ ತಂದಿತು. ಚಿತ್ರಗಳು ಮಿತಿಗಿಂತ ಕಡಿಮೆ ಬಂದಾಗ ಒಂದೊಂದನ್ನೂ ಎರಡು ಅಥವಾ ಮೂರು ಸಲ ತೋರಿಸಿ ಒಟ್ಟು ಸಂಖ್ಯೆಯನ್ನು ಮಿತಿಯೊಳಕ್ಕೆ ಎತ್ತುವುದು ಅದರ ಕೆಲಸ. ಎನ್ವಿಡಿಯಾದಲ್ಲೂ ಇದಕ್ಕೆ ಸಮನಾದ ವಿಧಾನವಿದೆ. 35 ಎರಡು ಸಲವಾದರೆ 70. ಏಳರಲ್ಲಿ ಐದಕ್ಕೆ ಎರಡು, ಎರಡಕ್ಕೆ ಒಂದು ಎಂಬ ತಾರತಮ್ಯ ಇಲ್ಲಿಲ್ಲ, ಎಲ್ಲ ಚಿತ್ರಗಳಿಗೂ ಎರಡೆರಡು. ಹಾಗಾಗಿ ಅಂತರ ಸಮವಾಗಿಯೇ ಉಳಿಯುತ್ತದೆ. ಇದರಲ್ಲಿ ಇನ್ನೊಂದು ಸಂತೋಷದ ಸಂಗತಿಯಿದೆ. ಡಾಸ್ ಕಾಲದ ವಿಜಿಎ ಮಾನಿಟರ್ 70 ಹರ್ಟ್ಸ್‌ನಲ್ಲಿ ನಡೆಯುತ್ತಿದ್ದುದರಿಂದ, ಒಳ್ಳೆಯ ಯಂತ್ರ ಇದ್ದವರ ಮನೆಯಲ್ಲಿ ಡೂಮ್‌ನ ಪ್ರತಿ ಚಿತ್ರವೂ ಎರಡು ಸಲವೇ ಬರುತ್ತಿತ್ತು. 2015ರ ಉಪಾಯ 1993ರ ಲೆಕ್ಕಕ್ಕೇ ಬಂದು ನಿಂತಿದೆ.

ಆದರೆ ಎಲ್‌ಎಫ್‌ಸಿ ಎಲ್ಲ ಮಾನಿಟರುಗಳಲ್ಲೂ ಕೆಲಸ ಮಾಡದು. ಚಿತ್ರವನ್ನು ಇಮ್ಮಡಿಸಿದಾಗ ಮೇಲಿನ ಮಿತಿ ದಾಟಬಾರದು, ಆದ್ದರಿಂದ ಮೇಲ್ಮಿತಿ ಕೆಳಮಿತಿಯ ಎರಡು ಪಟ್ಟಿಗಿಂತ ಸಾಕಷ್ಟು ಹೆಚ್ಚಿರಬೇಕು. ಎಎಂಡಿ ಮೊದಲು ಹೇಳಿದ್ದು ಎರಡೂವರೆ ಪಟ್ಟು. 48ರಿಂದ 144ರ ಮಾನಿಟರಿಗೆ ಇದು ಸಲೀಸು. 48ರಿಂದ 75ರ ಅಗ್ಗದ ಮಾನಿಟರುಗಳೂ ಪೆಟ್ಟಿಗೆಯ ಮೇಲೆ ಅದೇ ಫ್ರೀಸಿಂಕ್ ಹೆಸರು ಹೊತ್ತುಕೊಂಡು ಬಂದಿವೆ, ಅವುಗಳಲ್ಲಿ ಎಲ್‌ಎಫ್‌ಸಿಗೆ ಜಾಗವಿಲ್ಲ. ಕೆಳಮಿತಿ ದಾಟಿದೊಡನೆ ಅವು ಹಳೆಯ ಸ್ಥಿರ ವೇಗಕ್ಕೆ ಮರಳುತ್ತವೆ, ಮುಗ್ಗರಿಕೆಯೂ ಮರಳುತ್ತದೆ. ವಿಚಿತ್ರವೆಂದರೆ ಡೂಮ್‌ಗೆ ಬೇಕಾದ 70 ಆ ಅಗ್ಗದ ಮಾನಿಟರಿನ ವ್ಯಾಪ್ತಿಯೊಳಗೇ ಇದೆ. ಚಿತ್ರವನ್ನು ಎರಡು ಸಲ ಕಳಿಸುವ ಕೆಲಸ ಡ್ರೈವರ್ ಮಾಡುವ ಬದಲು ಆಟ ಓಡಿಸುವ ಪ್ರೋಗ್ರಾಮೇ ಮಾಡಿದರೆ ಸಾಕು, ಎಲ್‌ಎಫ್‌ಸಿ ಬೇಕೇ ಇಲ್ಲ. ಇದರಲ್ಲಿ ತಾಂತ್ರಿಕವಾಗಿಯೂ ಲಾಭವಿದೆ. ಡ್ರೈವರಿಗೆ ಮುಂದಿನ ಚಿತ್ರ ಯಾವಾಗ ಬರುತ್ತದೆಂದು ತಿಳಿಯದು, ಅದು ಊಹಿಸುತ್ತದೆ. ಊಹೆ ತಪ್ಪಿ, ಹಳೆಯ ಚಿತ್ರವನ್ನು ಎರಡನೇ ಸಲ ಬರೆಯುತ್ತಿರುವಾಗಲೇ ಹೊಸತು ಬಂದುಬಿಟ್ಟರೆ ಹೊಸತು ಕಾಯಬೇಕಾಗುತ್ತದೆ. ಆಟದ ಗಡಿಯಾರ ಬಲ್ಲ ಪ್ರೋಗ್ರಾಮಿಗೆ ಊಹೆಯ ಅಗತ್ಯವಿಲ್ಲ. ಡಾಸ್‌ಬಾಕ್ಸ್‌ನಂತೆ ಇಡೀ ಯಂತ್ರವನ್ನು ಅನುಕರಿಸುವ ಎಮ್ಯುಲೇಟರಿಗೆ ಇದು ಸಹಜವಾಗಿ ಬರಬೇಕಾದ ಗುಣ, ಏಕೆಂದರೆ ಅದು ಅನುಕರಿಸುವ ವಿಜಿಎ ಕಾರ್ಡೇ 70 ಹರ್ಟ್ಸ್‌ನದು. ಆಟದ ಮೂಲ ಕೋಡನ್ನು ಹೊಸ ಕಂಪ್ಯೂಟರಿಗೆ ತಂದವರು ಮಾತ್ರ ಎಷ್ಟೋ ಸಲ 35 ಚಿತ್ರ ಕೊಟ್ಟು ಉಳಿದದ್ದನ್ನು ಡ್ರೈವರಿನ ಪಾಲಿಗೆ ಬಿಟ್ಟುಬಿಡುತ್ತಾರೆ.

ಇನ್ನೂ ಕೆಳಗೆ ಇಳಿದರೆ 1998ರ ಜೆಲ್ಡಾ ಆಟ ಒಕರೀನಾ ಆಫ್ ಟೈಮ್ ಸಿಗುತ್ತದೆ. ನಿಂಟೆಂಡೋ 64ರಲ್ಲಿ ಅದು ಸೆಕೆಂಡಿಗೆ 20 ಚಿತ್ರ, ಯುರೋಪಿನಲ್ಲಿ 16.7. ಅಂದರೆ ಪ್ರತಿ ಚಿತ್ರವನ್ನೂ ಟಿವಿ ಮೂರು ಸಲ ತೋರಿಸುತ್ತಿತ್ತು. ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್ ಹೊರಗೆ ಕಳಿಸುವುದು ಆ 60ರ ಸಂಕೇತವನ್ನೇ, ಆದ್ದರಿಂದ ಸಾದಾ 60 ಹರ್ಟ್ಸ್ ಮಾನಿಟರಿನಲ್ಲೂ ಅದು ಬಹುಮಟ್ಟಿಗೆ ಸರಿಯಾಗಿಯೇ ಕಾಣುತ್ತದೆ. ವಿಆರ್‌ಆರ್ ಇಲ್ಲಿ ಹೆಚ್ಚೇನೂ ಕೊಡುವುದಿಲ್ಲ. ದುಬಾರಿ ಮಾನಿಟರ್ ತಂದರೆ ಈ ಆಟ ನುಣುಪಾಗುತ್ತದೆಂದು ಕಾದವರಿಗೆ ನಿರಾಸೆ ಖಂಡಿತ. ವಿಆರ್‌ಆರ್ ಚಿತ್ರಗಳನ್ನು ಹುಟ್ಟಿಸುವುದಿಲ್ಲ, ಇದ್ದವನ್ನು ಇದ್ದ ಹೊತ್ತಿಗೆ ತೋರಿಸುತ್ತದೆ ಅಷ್ಟೆ. ಚಿತ್ರಗಳ ನಡುವೆ ಲೆಕ್ಕ ಹಾಕಿ ಹೊಸ ಚಿತ್ರ ತುಂಬುವ ಪ್ರೋಗ್ರಾಮುಗಳು ಬೇರೆ ಇವೆ. ಕೆಲವರಿಗೆ ಅವು ಪ್ರಿಯ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅದು ಆಟವನ್ನು ಮರುಸೃಷ್ಟಿಸುವ ಕೆಲಸ, ಕತ್ತಿ ಬೀಸುವ ಚಲನೆಯನ್ನು 20ರ ಲೆಕ್ಕದಲ್ಲಿ ರಚಿಸಿದ ಕಲಾವಿದನ ಚಿತ್ರಗಳ ನಡುವೆ ತನ್ನವನ್ನು ಸೇರಿಸುವುದು. ಆಟವನ್ನು ಇದ್ದಂತೆ ನೋಡುವುದಕ್ಕೂ ತಿದ್ದಿ ನೋಡುವುದಕ್ಕೂ ನಡುವಿನ ಗೆರೆ ಸ್ಪಷ್ಟವಾಗಿರಬೇಕು; ವಿಆರ್‌ಆರ್ ಆ ಗೆರೆಯ ಈಚೆ ಬದಿಗೇ ನಿಲ್ಲುತ್ತದೆ ಎಂಬುದು ಅದರ ಪರವಾಗಿ ನಾನು ಹೇಳಬಲ್ಲ ಅತಿ ದೊಡ್ಡ ಮಾತು.

ಪರದೆ ಮಾತು ಕೇಳುತ್ತದೆ ಎಂದಾದ ಮೇಲೆ ಮಾತು ಆಡುವವರ ಜವಾಬ್ದಾರಿ ಹೆಚ್ಚುತ್ತದೆ. ಸ್ಥಿರ 60ರ ಪರದೆಯಲ್ಲಿ ಚಿತ್ರ ಒಂದೆರಡು ಮಿಲಿಸೆಕೆಂಡ್ ಹಿಂದೆಮುಂದೆ ಸಿದ್ಧವಾದರೂ ಮುಂದಿನ ಸುತ್ತಿಗೆ ಕಾಯುತ್ತಿದ್ದುದರಿಂದ ತಪ್ಪು ಮುಚ್ಚಿಹೋಗುತ್ತಿತ್ತು. ವಿಆರ್‌ಆರ್‌ನಲ್ಲಿ ಬಂದ ಕ್ಷಣವೇ ತೋರಿಸುವುದರಿಂದ ಆ ಅಲುಗಾಟವೂ ಕಾಣುತ್ತದೆ. ವಿಂಡೋಸ್‌ನಲ್ಲಿ ಪ್ರೋಗ್ರಾಮೊಂದು ಸ್ವಲ್ಪ ಹೊತ್ತು ನಿದ್ರಿಸಿ ಎಚ್ಚರಗೊಳ್ಳಬೇಕೆಂದರೆ ಸಾಮಾನ್ಯ ಟೈಮರಿನ ನಿಖರತೆ 15.6 ಮಿಲಿಸೆಕೆಂಡ್. 18.2 ಮಿಲಿಸೆಕೆಂಡಿಗೊಮ್ಮೆ ಚಿತ್ರ ಕೊಡಬೇಕಾದ ಆಟಕ್ಕೆ ಇಂಥ ಗಡಿಯಾರ ನಿರುಪಯೋಗಿ. ಅದಕ್ಕೇ ಒಳ್ಳೆಯ ಎಮ್ಯುಲೇಟರುಗಳು ಸೂಕ್ಷ್ಮ ಟೈಮರುಗಳನ್ನು ಬಳಸುತ್ತವೆ, ಕೊನೆಯ ಕ್ಷಣಗಳಲ್ಲಿ ನಿದ್ರಿಸದೆ ಗಡಿಯಾರ ನೋಡುತ್ತಲೇ ಕಾಯುತ್ತವೆ. ರೆಟ್ರೋಆರ್ಚ್‌ನಲ್ಲಿ ಆಟದ ಮೂಲ ಫ್ರೇಮ್ ರೇಟಿಗೆ ಪರದೆಯನ್ನು ಹೊಂದಿಸುವ ಆಯ್ಕೆ ಪ್ರತ್ಯೇಕವಾಗಿಯೇ ಇದೆ. ಅದನ್ನು ಆನ್ ಮಾಡದೆ ಬರೀ ಮಾನಿಟರಿನಲ್ಲಿ ಫ್ರೀಸಿಂಕ್ ಆನ್ ಮಾಡಿದರೆ ಪ್ರಯೋಜನವಿಲ್ಲ. ಇದರ ಎದುರಿನ ತಪ್ಪೂ ಒಂದಿದೆ. ವಿಆರ್‌ಆರ್ ಬಂತೆಂದು ಫ್ರೇಮ್ ರೇಟಿನ ಕಡಿವಾಣ ಬಿಚ್ಚಿ ಹಳೆಯ ಆಟ ಎಷ್ಟು ಓಡುತ್ತದೋ ಓಡಲಿ ಎಂದು ಬಿಡುವುದು. 2011ರ ಸ್ಕೈರಿಮ್‌ನಂಥ ಸಾಕಷ್ಟು ಈಚಿನ ಆಟದಲ್ಲೂ 60 ದಾಟಿದರೆ ಮೇಜಿನ ಮೇಲಿನ ಪಾತ್ರೆಗಳು ತಾವಾಗಿ ಹಾರಾಡುತ್ತಿದ್ದವು, ಏಕೆಂದರೆ ಅದರ ಭೌತಶಾಸ್ತ್ರದ ಲೆಕ್ಕ ಫ್ರೇಮಿಗೆ ಕಟ್ಟುಬಿದ್ದಿತ್ತು. ವೇಗ ನಿರ್ಧರಿಸುವುದು ಆಟದ ಗಡಿಯಾರದ ಕೆಲಸ. ಪರದೆಯ ಕೆಲಸ ಅದನ್ನು ಪಾಲಿಸುವುದು.

ಈಗ ಆಕ್ಷೇಪಗಳಿಗೆ ಬರೋಣ. ಇಷ್ಟು ಸೂಕ್ಷ್ಮ ಯಾರ ಕಣ್ಣಿಗೆ ಬೀಳುತ್ತದೆ ಎಂಬುದು ಮೊದಲನೆಯದು. ಎನ್‌ಇಎಸ್ ವಿಷಯದಲ್ಲಿ ಈ ಆಕ್ಷೇಪ ನ್ಯಾಯವಾದದ್ದೇ. ಅದರ ಮೂಲ ವೇಗ ಉಳಿಸಿದರೂ 60ರ ಪರದೆಯಲ್ಲಿ ಸುಮಾರು ಹತ್ತು ಸೆಕೆಂಡಿಗೆ ಒಂದು ಚಿತ್ರ ತಪ್ಪುತ್ತದೆ, ಅದೂ ಪರದೆ ಸರಿಯುತ್ತಿರುವಾಗ ಮಾತ್ರ ಕಾಣುತ್ತದೆ. ಅದೊಂದಕ್ಕಾಗಿ ಯಾರೂ ಹೊಸ ಮಾನಿಟರ್ ಕೊಳ್ಳಬೇಕಿಲ್ಲ. ಆದರೆ 55, 54.7, 50, 35ರ ಆಟಗಳಿಗೆ ಈ ಮಾತು ಅನ್ವಯಿಸದು. ಎರಡು ಪರದೆಗಳಲ್ಲಿ ಆರ್-ಟೈಪ್ ಪಕ್ಕಪಕ್ಕ ಓಡಿಸಿದರೆ ವ್ಯತ್ಯಾಸ ತಿಳಿಯಲು ತರಬೇತಿ ಬೇಡ. ಬಹಳಷ್ಟು ಮಂದಿಗೆ ಕಾಣದಿರುವುದಕ್ಕೆ ಕಾರಣ ಅವರು ಸರಿಯಾದದ್ದನ್ನು ನೋಡಿಲ್ಲದಿರುವುದು. ಕಮೊಡೋರ್ 64 ಮತ್ತು ಅಮಿಗಾ ಯುರೋಪಿನಲ್ಲಿ 50ರ ಲೆಕ್ಕದಲ್ಲಿ ಬೆಳೆದ ಯಂತ್ರಗಳು. ಅವುಗಳ ಒಂದು ಇಡೀ ಸಂಸ್ಕೃತಿ 60ರ ಪರದೆಗಳ ಮೇಲೆ ಸೆಕೆಂಡಿಗೆ ಹತ್ತು ಸಲ ತಡವರಿಸುತ್ತ ಪ್ರದರ್ಶನವಾಗುತ್ತಿದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಪರದೆ 240 ಹರ್ಟ್ಸ್ ಇದ್ದರೆ ವಿಆರ್‌ಆರ್ ಇಲ್ಲದೆಯೂ ಸಾಲದೇ? ಲೆಕ್ಕ ಹಾಕೋಣ. 240ರ ಸ್ಥಿರ ಪರದೆಯಲ್ಲಿ ಆರ್-ಟೈಪ್‌ನ ಒಂದು ಚಿತ್ರ ನಾಲ್ಕು ಅಥವಾ ಐದು ಸುತ್ತು ನಿಲ್ಲುತ್ತದೆ, ಅಂದರೆ 16.7 ಅಥವಾ 20.8 ಮಿಲಿಸೆಕೆಂಡ್. 60ರ ಪರದೆಯಲ್ಲಿ ಇದೇ ಏರುಪೇರು 16.7 ಮತ್ತು 33.3ರ ನಡುವೆ ಇತ್ತು. ತಪ್ಪು ಕಾಲುಭಾಗಕ್ಕೆ ಇಳಿಯಿತು, ನಿಜ. 480ಕ್ಕೆ ಹೋದರೆ ಇನ್ನೂ ಅರ್ಧವಾಗುತ್ತದೆ. ಪರದೆಗಳ ವೇಗ ಏರಿದಂತೆ ವಿಆರ್‌ಆರ್‌ನ ಅಗತ್ಯ ಕುಗ್ಗುತ್ತದೆ ಎಂಬುದನ್ನು ಒಪ್ಪಲೇಬೇಕು. ಆದರೂ 240 ಹರ್ಟ್ಸ್‌ನ ಬಹುತೇಕ ಮಾನಿಟರುಗಳಲ್ಲಿ ವಿಆರ್‌ಆರ್ ಈಗಾಗಲೇ ಇರುವುದರಿಂದ, ಉಳಿದ ನಾಲ್ಕು ಮಿಲಿಸೆಕೆಂಡಿನ ತಪ್ಪನ್ನು ಪೂರ್ತಿ ಅಳಿಸುವ ಉಪಕರಣ ಕೈಯಲ್ಲಿದ್ದೂ ಬಳಸದಿರಲು ಕಾರಣ ಕಾಣುವುದಿಲ್ಲ, ಮುಂದೆ ಹೇಳುವ ಒಂದು ಸಂದರ್ಭವನ್ನು ಬಿಟ್ಟು.

ಆ ಸಂದರ್ಭ ಸಿಆರ್‌ಟಿಯ ಸ್ಪಷ್ಟತೆಗೆ ಸಂಬಂಧಿಸಿದ್ದು. ಸಿಆರ್‌ಟಿಯಲ್ಲಿ ಪ್ರತಿ ಬಿಂದು ಮಿಲಿಸೆಕೆಂಡಿನ ಆಸುಪಾಸು ಮಿನುಗಿ ಆರುತ್ತಿತ್ತು, ಉಳಿದ ಹೊತ್ತು ಕತ್ತಲು. ಎಲ್‌ಸಿಡಿ ಮತ್ತು ಓಎಲ್‌ಇಡಿ ಪರದೆಗಳು ಮುಂದಿನ ಚಿತ್ರ ಬರುವವರೆಗೆ ಹಿಂದಿನದನ್ನು ಹಿಡಿದೇ ಇಡುತ್ತವೆ. ಕಣ್ಣು ವಸ್ತುವನ್ನು ಹಿಂಬಾಲಿಸುತ್ತಾ ಮುಂದೆ ಸರಿಯುತ್ತಿರುತ್ತದೆ, ಚಿತ್ರ ನಿಂತೇ ಇರುತ್ತದೆ, ಹಾಗಾಗಿ ಅಂಚುಗಳು ಕಲಸಿಹೋಗುತ್ತವೆ. ಸೆಕೆಂಡಿಗೆ 960 ಬಿಂದು ಸರಿಯುವ ವಸ್ತು 60 ಹರ್ಟ್ಸ್‌ನಲ್ಲಿ ಸುಮಾರು 16 ಬಿಂದುಗಳಷ್ಟು ಮಸುಕಾಗುತ್ತದೆ. ವಿಆರ್‌ಆರ್ ಇದನ್ನು ಒಂದಿಷ್ಟೂ ಕಡಿಮೆ ಮಾಡದು. ಚಿತ್ರಗಳ ನಡುವೆ ಕಪ್ಪು ಸೇರಿಸುವ ವಿಧಾನ ಕಡಿಮೆ ಮಾಡುತ್ತದೆ, ಅದಕ್ಕೆ ಸ್ಥಿರ ರಿಫ್ರೆಶ್ ರೇಟ್ ಬೇಕು, ಬಹಳಷ್ಟು ಮಾನಿಟರುಗಳಲ್ಲಿ ಇವೆರಡೂ ಒಟ್ಟಿಗೆ ನಡೆಯವು. 240ರ ಪರದೆಯ ಮೇಲೆ ಸಿಆರ್‌ಟಿ ಕಿರಣದ ಓಟವನ್ನೇ ಅನುಕರಿಸುವ ಶೇಡರ್ ಎಂಬ ಚಿಕ್ಕ ಪ್ರೋಗ್ರಾಮುಗಳೂ ಬಂದಿವೆ. ಇಲ್ಲಿ ಆರಿಸಿಕೊಳ್ಳಲೇಬೇಕು. 60ಕ್ಕೆ ತೀರಾ ಹತ್ತಿರವಿರುವ ಎನ್‌ಇಎಸ್, ಮೆಗಾ ಡ್ರೈವ್ ಆಟಗಳಿಗೆ ನಾನು ಕಪ್ಪು ಸೇರಿಸುವ ವಿಧಾನದ ಪರ. ಅಲ್ಲಿ ವೇಗದ ತಪ್ಪು ನಗಣ್ಯ, ಸ್ಪಷ್ಟತೆಯ ಲಾಭ ದೊಡ್ಡದು. 55ಕ್ಕೂ 35ಕ್ಕೂ ವಿಆರ್‌ಆರ್ ಪರ. 35ರ ಆಟಕ್ಕೆ ಕಪ್ಪು ಸೇರಿಸಿದರೆ ಅದೇ ಚಿತ್ರ ಎರಡು ಸಲ ಮಿನುಗಿ ಅಂಚುಗಳು ಜೋಡಿಯಾಗಿ ಕಾಣುತ್ತವೆ ಎಂಬುದನ್ನೂ ನೆನಪಿಡಬೇಕು.

ಓಎಲ್‌ಇಡಿ ಮತ್ತು ಕೆಲವು ವಿಎ ಬಗೆಯ ಎಲ್‌ಸಿಡಿ ಪರದೆಗಳಲ್ಲಿ ವಿಆರ್‌ಆರ್ ಹಾಕಿದಾಗ ಕತ್ತಲೆಯ ದೃಶ್ಯಗಳು ಮಿಣುಕುತ್ತವೆ ಎಂಬ ದೂರು ಸತ್ಯವಾದದ್ದು. ರಿಫ್ರೆಶ್ ರೇಟ್ ಬದಲಾದಾಗ ಗಾಢ ಬಣ್ಣಗಳ ಬೆಳಕು ಸ್ವಲ್ಪ ಸರಿಯುವುದರಿಂದ ಹಾಗಾಗುತ್ತದೆ. ಈ ದೂರು ಹೊಸ ಆಟಗಳಿಗೆ ತಟ್ಟುವಷ್ಟು ಹಳೆಯವಕ್ಕೆ ತಟ್ಟದು. ಹೊಸ ಆಟ ಒಂದು ಕ್ಷಣ 90, ಮರುಕ್ಷಣ 52 ಎಂದು ಓಲಾಡುತ್ತದೆ. ಆರ್-ಟೈಪ್ ಮೊದಲ ನಿಮಿಷದಿಂದ ಕೊನೆಯವರೆಗೆ 55.02. ಶತ್ರುಗಳು ಕಿಕ್ಕಿರಿದು ಆಟ ನಿಧಾನವಾದಾಗಲೂ ಬೋರ್ಡಿನ ವಿಡಿಯೋ ಸಂಕೇತ ಬದಲಾಗುವುದಿಲ್ಲ, ಅದೇ ಚಿತ್ರ ಮತ್ತೊಮ್ಮೆ ಹೊರಡುತ್ತದೆ. ಸಂಖ್ಯೆ ಬದಲಾಗದಿದ್ದರೆ ಮಿಣುಕುವುದಕ್ಕೆ ಏನೂ ಇಲ್ಲ. ಅಪಾಯವಿರುವುದು ಕೆಳಮಿತಿಯ ಅಂಚಿನಲ್ಲಿ ಮಾತ್ರ. 48ರ ಮಿತಿಯ ಮಾನಿಟರಿನಲ್ಲಿ 50ರ ಆಟ ಓಡಿಸುವಾಗ ಒಂದೊಂದು ಚಿತ್ರ ತುಸು ತಡವಾದರೂ ಎಲ್‌ಎಫ್‌ಸಿ ಜಾಗೃತವಾಗಿ ಪರದೆ 48ರಿಂದ 96ರ ಕಡೆ ಜಿಗಿಯುತ್ತದೆ, ಬೆಳಕು ತುಯ್ಯುತ್ತದೆ. ಅಂಥಲ್ಲಿ ಎಮ್ಯುಲೇಟರಿಗೇ ಪ್ರತಿ ಚಿತ್ರವನ್ನು ಎರಡು ಸಲ ಕಳಿಸಲು ಹೇಳಿ 100 ಹರ್ಟ್ಸ್‌ನಲ್ಲಿ ನೆಮ್ಮದಿಯಾಗಿ ಕೂರಿಸುವುದು ಉತ್ತಮ.

ಹೀಗಾಗಿ ಹಳೆಯ ಆಟಗಳಿಗಾಗಿ ಮಾನಿಟರ್ ನೋಡುವವರು ಜಾಹೀರಾತಿನ ದೊಡ್ಡ ಸಂಖ್ಯೆಯ ಜೊತೆಗೆ, ಕೆಲವೊಮ್ಮೆ ಅದಕ್ಕಿಂತ ಮೊದಲು, ಚಿಕ್ಕ ಸಂಖ್ಯೆಯನ್ನು ಕೇಳಬೇಕು. ಕೆಳಮಿತಿ ಎಷ್ಟು? ಮೇಲ್ಮಿತಿ ಅದರ ಎರಡೂವರೆ ಪಟ್ಟು ಇದೆಯೇ? ತಯಾರಕರು ಇದನ್ನು ಪೆಟ್ಟಿಗೆಯ ಮೇಲೆ ಮುದ್ರಿಸುವುದು ಅಪರೂಪ, ವಿವರಗಳ ಪುಟದ ತಳದಲ್ಲಿ ಹುಡುಕಬೇಕಾಗುತ್ತದೆ. ಇದಕ್ಕಿಂತ ಹೆಚ್ಚಿನ ಹೊಣೆ ಹಳೆಯ ಆಟಗಳನ್ನು ಸಂಗ್ರಹಗಳಾಗಿ ಮತ್ತೆ ಮಾರುತ್ತಿರುವ ಪ್ರಕಾಶಕರ ಮೇಲಿದೆ. ಅಂಥ ಸಂಗ್ರಹಗಳಲ್ಲಿ ಆರ್ಕೇಡ್ ಪೆಟ್ಟಿಗೆಯ ಚಿತ್ರಗಳು, ಹಳೆಯ ಕೈಪಿಡಿಗಳು, ಸಿಆರ್‌ಟಿಯಂತೆ ಕಾಣಿಸುವ ಗೆರೆಗಳ ಫಿಲ್ಟರ್ ಎಲ್ಲ ಇರುತ್ತವೆ. ಆ ಅಕ್ಕರೆಯನ್ನು ನಾನು ಮೆಚ್ಚುತ್ತೇನೆ. ಆದರೆ ಆಟದ ಮೂಲ ಫ್ರೇಮ್ ರೇಟ್ ಎಷ್ಟಿತ್ತು, ಈಗ ಓಡುತ್ತಿರುವುದು ಎಷ್ಟರಲ್ಲಿ ಎಂಬ ಒಂದು ಸಾಲನ್ನು ಅವು ಸಾಮಾನ್ಯವಾಗಿ ಬರೆಯುವುದಿಲ್ಲ. ಇವತ್ತಿನ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಪಿಸಿ ಮೂರಕ್ಕೂ ವಿಆರ್‌ಆರ್ ಬರುತ್ತದೆ. 54.7 ಮತ್ತು 55.02 ಎರಡೂ 48ರ ಮಿತಿಯ ಮೇಲೇ ಇವೆ, ಯಾವ ಉಪಾಯವೂ ಬೇಕಿಲ್ಲ. ಸೆಟ್ಟಿಂಗ್ ಪುಟದಲ್ಲಿ ಮೂಲ ವೇಗ ಎಂಬ ಒಂದು ಆಯ್ಕೆ ಇಟ್ಟರೆ, ವಿಆರ್‌ಆರ್ ಪರದೆ ಇದ್ದವರಿಗೆ ಆಟ ಬೋರ್ಡಿನ ಲೆಕ್ಕದಲ್ಲೇ ನಡೆಯುತ್ತದೆ, ಇಲ್ಲದವರಿಗೆ ಈಗಿನಂತೆಯೇ ಉಳಿಯುತ್ತದೆ.